ಭಾನುವಾರದ ಭೇಟಿ: ಹೊಸ ಅಧಿಕಾರಿಗಳ ತರಬೇತಿ

ಗೆಳೆಯರೇ, ಭಾನುವಾರ ಬೆಳಿಗ್ಗೆ 10ಕ್ಕೆ ಕಲಬುರಗಿಯ ಶರಣಬಸವೇಶ್ವರ ಕೆರೆ ಹತ್ತಿರ ಸೇರಿ, ಸರ್ಕಾರಿ ಕಚೇರಿಯ ಹೊಸ ಅಧಿಕಾರಿಗಳಿಗೆ ತರಬೇತಿ ಹೇಗಿರಬೇಕು ಅಂತ ಮಾತಾಡೋಣ.

ನನ್ನ ತಮ್ಮ ಖಾಸಗಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗುವ ಮೊದಲು ಆರು ತಿಂಗಳು ಹಳೇ ಮ್ಯಾನೇಜರ್ ಪಕ್ಕದಲ್ಲೇ ಕೂತು ಕಲಿತ. ನನಗೆ ಸರ್ಕಾರಿ ಕಚೇರಿಯಲ್ಲಿ ಬಡ್ತಿ ಬಂದ ದಿನ ಸಿಕ್ಕಿದ್ದು ಬೀರುವಿನ ಕೀಲಿ, ಬಾಕಿ ಕಡತಗಳ ರಾಶಿ ಅಷ್ಟೇ; ತರಬೇತಿಯ ಆದೇಶ ಬಂದಿದ್ದು ಹನ್ನೊಂದು ತಿಂಗಳ ನಂತರ. ಇದು ಸರಿಯಲ್ಲ, ಅಲ್ವಾ?

ಹಾಗಂತ ಅವರ ಪದ್ಧತಿಯನ್ನು ಸುಮ್ನೆ ಎತ್ತಿ ತರೋಕೆ ಆಗಲ್ಲ. ಕಂಪನಿಯಲ್ಲಿ ಕೊನೆಗೆ ಲಾಭ ನೋಡುತ್ತಾರೆ. ನಮ್ಮಲ್ಲಿ ನಿಯಮ, ಆಡಿಟ್, ಜೊತೆಗೆ ಪಿಂಚಣಿ ಕಾಗದ ಹಿಡಿದು ಬಾಗಿಲಲ್ಲಿ ನಿಂತ ಅಜ್ಜಿ, ಎಲ್ಲರಿಗೂ ಉತ್ತರ ಕೊಡಬೇಕು. 2020ರಲ್ಲಿ ಕೇಂದ್ರ ಒಪ್ಪಿದ, ಸರ್ಕಾರಿ ನೌಕರರ ತರಬೇತಿ ಯೋಜನೆಯಾದ ಮಿಷನ್ ಕರ್ಮಯೋಗಿಯ ಆನ್‌ಲೈನ್ ಪಾಠ ಒಳ್ಳೆಯದೇ. ಆದರೆ ಪಕ್ಕದಲ್ಲಿ ಅನುಭವಿ ಹಿರಿಯರೊಬ್ಬರು ಬೇಕೇ ಬೇಕು.

ನಿವೃತ್ತರು ಹೊಸಬರ ಪಕ್ಕದಲ್ಲಿ ಕೂತು ಕಲಿಸೋಕೆ ತಿಂಗಳಿಗೆ ಒಂದು ದಿನ ಕೊಡುತ್ತೀರಾ? ಬರುವವರು ಇಲ್ಲೇ ಹೆಸರು ಹಾಕಿ.