ಮಹಿಳಾ ಮೀಸಲಾತಿಗೆ ಪ್ರಾಮಾಣಿಕತೆಯ ಷರತ್ತು ಬೇಡ

ಮಾನ್ಯ ಸಂಪಾದಕರೇ,

ಮುಂಬಯಿ ಮಹಾನಗರಪಾಲಿಕೆಯ 227 ವಾರ್ಡುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಹೆಂಗಸರು ಅಧಿಕಾರಕ್ಕೆ ಬಂದರೆ ಲಂಚ ತಾನಾಗಿ ತಗ್ಗುತ್ತದೆ ಎಂಬ ಮೆಚ್ಚುಗೆಯ ಮಾತು ಇಲ್ಲಿನ ನಮ್ಮ ಕನ್ನಡ ಸಂಘಗಳ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮೆಚ್ಚುಗೆಯಿಂದ ಹೆಣ್ಣಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂದು ನಾನು ನಂಬಿದ್ದೇನೆ.

ಸಂಸತ್ತಿನಲ್ಲಿ ಮಹಿಳೆಯರು ಹೆಚ್ಚಿರುವ ದೇಶಗಳಲ್ಲಿ ಭ್ರಷ್ಟಾಚಾರ ಕಡಿಮೆ ಎಂದು 2001ರಲ್ಲಿ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರೂ ಸೇರಿದ್ದ ತಂಡವೊಂದು ತೋರಿಸಿತ್ತು. ಎರಡೇ ವರ್ಷದಲ್ಲಿ ಹಂಗ್-ಎನ್ ಸಂಗ್ ಎಂಬ ವಿದ್ವಾಂಸರು ಅದನ್ನು ಪ್ರಶ್ನಿಸಿ, ಕಾನೂನಿನ ಆಡಳಿತ ಮತ್ತು ಪತ್ರಿಕಾ ಸ್ವಾತಂತ್ರ್ಯ ಗಟ್ಟಿಯಾಗಿರುವ ವ್ಯವಸ್ಥೆಯೇ ಲಂಚವನ್ನು ತಡೆಯುತ್ತದೆ, ಮಹಿಳೆಯರಿಗೂ ಅವಕಾಶ ಕೊಡುತ್ತದೆ ಎಂದು ವಾದಿಸಿದರು. ನನಗೆ ಈ ವಾದವೇ ಸರಿಯೆನಿಸುತ್ತದೆ. ಜಯಲಲಿತಾ ಅವರಿಗೆ 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದನ್ನು ಕಂಡವರಿಗೆ, ಅಧಿಕಾರ ಪೂರ್ಣವಾಗಿ ಕೈಗೆ ಬಂದಾಗ ಆಮಿಷವೂ ಜೊತೆಗೇ ಬರುತ್ತದೆಂದು ಬೇರೆ ಹೇಳಬೇಕಿಲ್ಲ.

ಆದರೆ ಗಂಡಿಗೂ ಹೆಣ್ಣಿಗೂ ಅಳೆಯುವ ಕೋಲು ಮಾತ್ರ ಒಂದೇ ಆಗಿಲ್ಲ. ನಮ್ಮ ದೇಶದ ಗ್ರಾಮ ಪಂಚಾಯಿತಿಗಳ ಕುರಿತು ಅರ್ಥಶಾಸ್ತ್ರಜ್ಞರಾದ ಎಸ್ತರ್ ಡ್ಯುಫ್ಲೊ ಮತ್ತು ಪೆಟಿಯಾ ಟೊಪಲೋವಾ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಹಿಳಾ ಮೀಸಲು ಇದ್ದ ಊರುಗಳಲ್ಲಿ ಕುಡಿಯುವ ನೀರಿನ ಸೌಲಭ್ಯ ಹೆಚ್ಚಿತ್ತು, ಜನ ಲಂಚ ಕೊಟ್ಟದ್ದೂ ಕಡಿಮೆ. ಆದರೂ ಆ ಜನ ತಮ್ಮ ಆಡಳಿತದ ಬಗ್ಗೆ ಹೆಚ್ಚು ಅತೃಪ್ತಿ ಹೇಳಿದ್ದರು. ಒಳ್ಳೆಯ ಕೆಲಸ ಮಾಡಿದ ಹೆಣ್ಣಿಗೆ ಅದರ ಶ್ರೇಯಸ್ಸು ಸಿಗದಿರುವಾಗ, ತಪ್ಪಿದ ಒಬ್ಬಳನ್ನು ಮುಂದಿಟ್ಟುಕೊಂಡು ಮೀಸಲಾತಿಯನ್ನೇ ಹಳಿಯುವುದು ಅನ್ಯಾಯವಲ್ಲವೇ? ಗಂಡಸರು ಎಷ್ಟು ಹಗರಣ ಮಾಡಿದರೂ ಗಂಡಸರು ಚುನಾವಣೆಗೆ ನಿಲ್ಲಬಾರದೆಂದು ಯಾರೂ ಅನ್ನುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಹೆಂಡತಿಯ ಹೆಸರಿನಲ್ಲಿ ಗಂಡ ನಡೆಸುವ ಆಡಳಿತ. ನಗರಸೇವಕಿಯ (ಪಾಲಿಕೆ ಸದಸ್ಯೆಯ) ಯಜಮಾನರು ಗುತ್ತಿಗೆದಾರರೊಡನೆ ಮಾತು ಮುಗಿಸಿ ಕಾಗದವನ್ನು ಸಹಿಗಷ್ಟೇ ಮನೆಗೆ ತಂದರೆ, ನಾಳೆ ತನಿಖೆಯಾದಾಗ ಸಿಕ್ಕಿಬೀಳುವವಳು ಸಹಿ ಹಾಕಿದವಳು. ಓದದೆ ಸಹಿ ಹಾಕಿದ ಹೊಣೆ ಅವಳದೂ ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಕುಮ್ಮಕ್ಕು ಕೂಡ ಅಪರಾಧವಾಗಿರುವಾಗ, ತೆರೆಮರೆಯಲ್ಲಿದ್ದು ವ್ಯವಹಾರ ಕುದುರಿಸಿದವನನ್ನೂ ಆರೋಪಪಟ್ಟಿಗೆ ಸೇರಿಸಲೇಬೇಕು.

2023ರ ಸಂವಿಧಾನ ತಿದ್ದುಪಡಿ ಕಾರ್ಯರೂಪಕ್ಕೆ ಬಂದರೆ ವಿಧಾನಸಭೆ, ಲೋಕಸಭೆಗಳಲ್ಲಿಯೂ ಮೂರನೆಯ ಒಂದು ಭಾಗ ಮಹಿಳೆಯರಿಗೆ ಮೀಸಲಾಗಲಿದೆ. ಅಷ್ಟರೊಳಗೆ ಪಕ್ಷಗಳು ನಾಯಕರ ಮನೆಯವರನ್ನು ಬಿಟ್ಟು ವಾರ್ಡಿನಲ್ಲಿ ದುಡಿದ ಕಾರ್ಯಕರ್ತೆಯರಿಗೆ ಟಿಕೆಟ್ ಕೊಡಲಿ, ಬಜೆಟ್ ಹಾಗೂ ಟೆಂಡರ್ ಓದುವ ತರಬೇತಿ ನೀಡಲಿ. ಪತ್ರಿಕೆಗಳೂ ವಾರ್ಡಿನ ಪ್ರಶ್ನೆಗಳಿಗೆ ಪತಿಯ ಹೇಳಿಕೆಯನ್ನು ಒಪ್ಪದೆ ಆಯ್ಕೆಯಾದ ಮಹಿಳೆಯಿಂದಲೇ ಉತ್ತರ ಪಡೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ಓರ್ವ ಓದುಗಾರ್ತಿ, ಡೊಂಬಿವಲಿ