ಇ20 ಪೆಟ್ರೋಲ್: ಕಾರ್ಬ್ಯುರೇಟರ್ ಬೈಕ್‌ನವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಭಾನುವಾರದ ರೈಡ್‌ಗೆ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಹಾಕಿಸುವ ಕಾರ್ಬ್ಯುರೇಟರ್ ಬೈಕ್‌ನವರು ಶನಿವಾರದೊಳಗೆ ಗಾಡಿ ಸರಿಮಾಡಿಕೊಳ್ಳಿ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಧನದ ಪ್ರಮಾಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಅವರು ಪೆಟ್ರೋಲ್ ಹೋಸ್ ಮಾತ್ರ ನೋಡಿ.

ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಇ10ರಲ್ಲಿ 3%, ಇ20ರಲ್ಲಿ 6–7% ಮೈಲೇಜ್ ಇಳಿಯುವುದು ಸಹಜ. ಅದನ್ನು ಸರಿದೂಗಿಸಲು ದಯವಿಟ್ಟು ಮಿಕ್ಸ್ಚರ್ ಲೀನ್ (ಗಾಳಿ ಹೆಚ್ಚು, ಇಂಧನ ಕಡಿಮೆ) ಮಾಡಬೇಡಿ! ಬರೀ ಪೆಟ್ರೋಲ್‌ಗೆ ಗಾಳಿ-ಇಂಧನ ಅನುಪಾತ 14.7:1, ಇ20ಗೆ ಸುಮಾರು 13.5:1. ಹಳೇ ಜೆಟ್‌ನಲ್ಲೇ (ಕಾರ್ಬ್ಯುರೇಟರ್‌ನಲ್ಲಿ ಇಂಧನ ಅಳೆದು ಬಿಡುವ ಸಣ್ಣ ತೂತಿನ ಭಾಗ) ಓಡಿಸಿದರೆ ಎಂಜಿನ್ ಆಗಲೇ ಲೀನ್. ಥ್ರಾಟಲ್ ಕೊಟ್ಟಾಗ ತಡವರಿಸುತ್ತದೆ, ಬಿಸಿಯೇರುತ್ತದೆ.

ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಸ್ವಲ್ಪ ದೂರ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿಯ ಪಿಂಗಾಣಿ ತಿಳಿಕಂದು ಇದ್ದರೆ ಸರಿ, ಬೆಳ್ಳಗಿದ್ದರೆ ಇನ್ನೂ ಲೀನ್, ಮಸಿ ಹಿಡಿದಿದ್ದರೆ ರಿಚ್ (ಇಂಧನ ಹೆಚ್ಚು). ಗಟ್ಟಿಯಾದ ಅಥವಾ ಉಬ್ಬಿದ ರಬ್ಬರ್ ಹೋಸ್ ಬದಲಿಸಿ. ಎಥನಾಲ್ ಟ್ಯಾಂಕಿನ ಹಳೇ ಕೊಳೆ ಕಿತ್ತು ತರುವುದರಿಂದ ಹೊಸ ಫ್ಯೂಯಲ್ ಫಿಲ್ಟರ್ ಜೊತೆಗಿರಲಿ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತಳದಲ್ಲಿ ನೀರು ಬೇರ್ಪಟ್ಟಿರಬಹುದು.

ಬೈಕ್ ಮಾಡೆಲ್, ಈಗಿನ ಜೆಟ್ ನಂಬರ್ ಮತ್ತು ಪ್ಲಗ್ ಫೋಟೋ ಶುಕ್ರವಾರ ಸಂಜೆಯೊಳಗೆ ಇಲ್ಲೇ ಹಾಕಿ.