ಜಾರುಬಂಡೆಯ ಪಕ್ಕದಲ್ಲೇ ಪಾಠ

ಮಾನ್ಯ ಸಂಪಾದಕರೇ,

ಪ್ರಾಣಿಗಳನ್ನೇ ವಿಷಯವಾಗಿಟ್ಟುಕೊಂಡ ಮನರಂಜನಾ ಪಾರ್ಕ್‌ಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಸುಮ್ನೆ ದುಡ್ಡು ದಂಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಿರಾಫೆ ಆಕಾರದ ಜಾರುಬಂಡೆ ಇದ್ದರೆ, ಮೆಟ್ಟಿಲ ಪಕ್ಕದಲ್ಲೇ ಅದರ ಕತ್ತಿನ ಮೂಳೆಗಳ ಚಿತ್ರ ಹಾಕಬಹುದು. ಅಷ್ಟುದ್ದದ ಕತ್ತಿನಲ್ಲಿ ಇರುವುದು 7 ಮೂಳೆ, ನಮ್ಮ ಕತ್ತಿನಲ್ಲೂ ಅಷ್ಟೇ! ಇದನ್ನು ಕೇಳಿದ ಮಗು ಮೊದಲು ತನ್ನ ಕತ್ತು ಮುಟ್ಟಿ ನೋಡಿಕೊಳ್ಳುತ್ತದೆ. ಆಮೇಲೆ ಅಪ್ಪನ ಕತ್ತಿನ ಮೂಳೆ ಎಣಿಸಲು ಹೊರಡುತ್ತದೆ. ಇಡೀ ಮನೆಮಂದಿ ಸೇರಿ ಕಲಿಯುವುದು ಅಂದರೆ ಇದೇ ಅಲ್ವಾ?

ಆದರೆ ಎಷ್ಟೋ ಕಡೆ ಫಲಕಗಳು ದೊಡ್ಡವರ ಕಣ್ಣಿನ ಎತ್ತರಕ್ಕಿರುತ್ತವೆ, ಅಕ್ಷರವೂ ಸಣ್ಣದು. ಅವನ್ನು ಕೆಳಗಿಳಿಸಿ, ಎರಡೇ ಸಾಲು ಬರೆದರೆ ಸಾಕು. ರೈಡ್‌ಗೆ ಕಾಯುವ ಕ್ಯೂನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಮಕ್ಕಳು ಜಾಸ್ತಿ ಚಡಪಡಿಸುವುದು ಅಲ್ಲೇ. ಗೂಬೆ ಯಾಕೆ ಇಡೀ ತಲೆಯನ್ನೇ ತಿರುಗಿಸುತ್ತದೆ? ಅದರ ಕಣ್ಣುಗುಡ್ಡೆ ನಮ್ಮದರಂತೆ ಹೊರಳುವುದಿಲ್ಲ!

ನಿಜವಾದ ಪ್ರಾಣಿಗಳಿರುವ ಕಡೆ ಮಾತ್ರ ಜೋರು ಸಂಗೀತ ಬೇಡ, ಮುಟ್ಟಿ ಫೋಟೊ ತೆಗೆಸುವುದೂ ಬೇಡ. ಪಾರ್ಕ್ ನಡೆಸುವವರು ದಯವಿಟ್ಟು ಇತ್ತ ಗಮನ ಕೊಡಲಿ.

– ಒಬ್ಬ ತಾಯಿ